ಗಾರ್ಡ್ ಅಳಿಸಿದ್ದು ಯಾರು?

ಜೈಲಿನಿಂದ
ಫೆಬ್ರವರಿ ೩

ಮೇಷ್ಟ್ರೇ,

ಬದುಕಿದ್ದೀಯಂತೆ. ಅತ್ತಿಗೆ ಬಂದು ಹೇಳಿದರು. ಕೇಳಿ ನನಗೆ ಬೇಸರವಾಯಿತು, ಸುಳ್ಳೇಕೆ ಹೇಳಲಿ.

ದವಡೆ ಮೂರು ಕಡೆ ಮುರಿದಿದೆಯಂತೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿ ಮುಚ್ಚಿಸಿದ್ದಾರಂತೆ. ಕೊಳವೆಯಲ್ಲಿ ಹಾಲು ಹೀರುತ್ತೀಯಂತೆ. ನನ್ನಣ್ಣನ ಪಾಡು ಅದಕ್ಕಿಂತ ವಾಸಿ ಅಂದುಕೊಂಡೆಯಾ? ಅವನಿಗೆ ಮೂಗು ತುರಿಸಿದರೆ ಹೆಂಡತಿಯನ್ನು ಕೂಗಬೇಕು. ಎರಡು ಮಣಿಕಟ್ಟಿಗೂ ಬ್ಯಾಂಡೇಜು ಸುತ್ತಿದ್ದಾರೆ, ಅದರಾಚೆಗೆ ಏನೂ ಇಲ್ಲ.

ಆ ದಿನ ನಾನು ಅಲ್ಲೇ ಇದ್ದೆ. ತಗಡು ಅಚ್ಚಿನೊಳಗೆ ಓರೆಯಾಗಿ ಸಿಕ್ಕಿಕೊಂಡಿತು. ಅಣ್ಣ ಪೆಡಲ್ ಮೇಲಿಂದ ಕಾಲು ತೆಗೆಯದೆ ಎರಡೂ ಕೈ ಹಾಕಿ ಎಳೆದ. ತಗಡು ಒತ್ತುವ ಪ್ರೆಸ್ ಮುಂದೆ ನಿಲ್ಲುವವರೆಲ್ಲ ಹಾಗೇ ಮಾಡುವುದು. ಹಾಗೆ ಮಾಡುತ್ತಾರೆಂದೇ ತಾನೇ ಅಚ್ಚಿನ ಮುಂದೆ ಬೆಳಕಿನ ಪರದೆ ಇಟ್ಟಿರುವುದು? ಕೈ ಅಡ್ಡ ಬಂದು ಬೆಳಕು ಕಡಿದರೆ ಪ್ರೆಸ್ ನಿಲ್ಲಬೇಕು. ಪ್ರೆಸ್ ನಡೆಸುವ ಹಳೆಯ ಕೋಡಿನಲ್ಲಿ ಒಂದು ತೂತಿತ್ತು. ಪೆಡಲ್ ಒತ್ತಿಯೇ ಹಿಡಿದರೆ ಅದು ಶುರುವಿನಲ್ಲಿ ಒಮ್ಮೆ ಬೆಳಕನ್ನು ನೋಡಿ ಸುಮ್ಮನಾಗುತ್ತಿತ್ತು, ಅಚ್ಚು ಇಳಿಯುವಾಗ ನೋಡುತ್ತಲೇ ಇರಲಿಲ್ಲ. ಆ ತೂತು ಮುಚ್ಚಿದವನು ನಾನು. ಅಣ್ಣನೂ ನಾನೂ ವಾರಗಟ್ಟಲೆ ಎರಡು ಪ್ರೆಸ್ಸಿನ ಮುಂದೆಯೂ ನಿಂತು, ಮರದ ತುಂಡನ್ನು ಕೈಯಂತೆ ಒಡ್ಡಿ ಒಡ್ಡಿ ನೋಡಿದ್ದೆವು. ಒಂದು ಸಲವೂ ಮರಕ್ಕೆ ಗೀರು ಬೀಳಲಿಲ್ಲ. ಆ ಧೈರ್ಯದ ಮೇಲೆ ಅವನು ಕೈ ಹಾಕಿದ.

ಮೂಳೆಗೆ ಬಿದ್ದಾಗ ಬೇರೆ ಸದ್ದು ಬರುತ್ತದೆ ಅಂದುಕೊಂಡಿದ್ದೆ. ಇಲ್ಲ, ತಗಡಿಗೆ ಬೀಳುವ ಅದೇ ಸದ್ದು. ಅಚ್ಚು ಮೇಲೆದ್ದಾಗ ಅಣ್ಣ ಕೆಳಗೆ ಬಗ್ಗಿ ನೋಡಿ, "ಲೋ, ಅಮ್ಮಂಗೆ ಹೇಳ್ಬೇಡ ಕಣೋ" ಅಂದ. ಅಮ್ಮ ಸತ್ತು ಎಷ್ಟೋ ವರ್ಷವಾಯಿತು.

ಅಂಗಿಯ ರಕ್ತ ಒಣಗುವ ಮೊದಲೇ ಕಾರ್ಖಾನೆಯ ಆಫೀಸಿಗೆ ಬಂದು ನಮ್ಮ ಕೋಡಿನ ಇತಿಹಾಸ ತೆರೆದೆ. ನನ್ನ ತಿದ್ದುಪಡಿ ಇದ್ದ ಫೈಲಿನ ಹೆಸರು ಗಾರ್ಡ್. ಅದರ ಮುಂದೆ, "ಅಳಿಸಲಾಗಿದೆ." ಅಳಿಸಿದವನ ಜಾಗದಲ್ಲಿ ನಿನ್ನ ಹೆಸರು. ಅಣ್ಣನ ಪೆಟ್ಟಿಗೆಯಿಂದ ದೊಡ್ಡ ಸ್ಪಾನರ್ ತೆಗೆದುಕೊಂಡು ಬಂದೆ. ಗುರಿಯಿಟ್ಟದ್ದು ತಲೆಗೆ. ನೀನು ತಿರುಗಿಬಿಟ್ಟೆ.

ಯಾಕೆ ಅಳಿಸಿದೆ? ನನ್ನ ಕೋಡಿನಿಂದ ಪ್ರೆಸ್ ನಿಧಾನವಾಗುತ್ತದೆಂದು ಮಾಲೀಕ ಗೊಣಗಿದ್ದನಲ್ಲ, ಅದಕ್ಕಾ? ಅಪ್ಪ ಇಲ್ಲದ ನನಗೆ ಅಪ್ಪನ ಜಾಗದಲ್ಲಿ ಕೂತು ಕೆಲಸ ಕಲಿಸಿದವನು ನೀನು. ಉತ್ತರ ಬರೆ. ಬರೆಯದಿದ್ದರೆ ಹೊರಗೆ ಬಂದ ದಿನ ಉಳಿದ ಹಲ್ಲುಗಳನ್ನೂ ಕೇಳುತ್ತೇನೆ.

ನೀನೇ ಇಟ್ಟ ಹೆಸರಿನವನು,
ಮೊಂಡ

---

ಆಸ್ಪತ್ರೆ
ಫೆಬ್ರವರಿ ೧೪

ಮೊಂಡ,

ಏಕವಚನಕ್ಕೆ ಇಳಿದಿದ್ದೀಯ, ಸಂತೋಷ. ಸ್ಪಾನರಿನಲ್ಲಿ ಹೊಡೆದ ಮೇಲೂ "ನೀವು" ಅಂದಿದ್ದರೆ ನನಗೇ ಮುಜುಗರವಾಗುತ್ತಿತ್ತು.

ನೀನು ಎಣಿಸಲು ಬಿಟ್ಟದ್ದನ್ನು ನಾನು ಹೇಳುತ್ತೇನೆ. ಹಲ್ಲುಗಳು ಕೀಬೋರ್ಡಿನ ಮೇಲೆ ಬಿದ್ದವು, ಒಂದು ಗುಂಡಿಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಎಡಗಿವಿಯಲ್ಲಿ ಈಗ ಬರೀ ಶಿಳ್ಳೆ. ನೆಲಕ್ಕೆ ಬಿದ್ದ ಮೇಲೂ ಬೆನ್ನಿಗೆ ಒದ್ದೆ, ಅದನ್ನು ನಿನ್ನ ಪತ್ರದಲ್ಲಿ ಬರೆದಿಲ್ಲ. ಪರವಾಗಿಲ್ಲ, ನನ್ನ ಪಕ್ಕೆಲುಬಿಗೆ ನೆನಪಿದೆ.

ಈ ಪತ್ರವನ್ನು ನಿನಗಿಂತ ಮೊದಲು ಜೈಲರ್ ಸಾಹೇಬರು ಓದುತ್ತಾರೆ. ಅವರಿಗೆ ಇದೇನೋ ಗುಪ್ತ ಭಾಷೆ ಅನ್ನಿಸಬಾರದೆಂದು ಬುಡದಿಂದ ಹೇಳುತ್ತೇನೆ, ನೀನು ಹಲ್ಲು ಕಚ್ಚಿಕೊಂಡು ಓದು. ನಿನಗೆ ಕಚ್ಚಲು ಹಲ್ಲಿವೆ.

ಸಾಹೇಬರೇ, ಫೈಲ್ ಎಂದರೆ ಕೋಡ್ ಬರೆದಿಟ್ಟ ಹಾಳೆ ಅಂದುಕೊಳ್ಳಿ. ಇಬ್ಬರು ಒಂದೇ ಪ್ರೋಗ್ರಾಮಿನ ಮೇಲೆ ಕೆಲಸ ಮಾಡುವಾಗ ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಂಡು ತಮ್ಮ ತಮ್ಮ ದಾರಿಯಲ್ಲಿ ತಿದ್ದುತ್ತಾರೆ. ಆ ದಾರಿಗೆ ಬ್ರಾಂಚ್ ಎನ್ನುತ್ತೇವೆ. ಕೊನೆಗೆ ಎರಡನ್ನೂ ಕೂಡಿಸುವುದು ಮರ್ಜ್. ಕೂಡಿಸಲು ಒಂದು ಸಾಫ್ಟ್‌ವೇರ್ ಇದೆ, ಅದಕ್ಕೆ ತಿಳಿಯದೆ ಹೋದಾಗ ಮಾತ್ರ ನಮ್ಮನ್ನು ಕೇಳುತ್ತದೆ. ಈ ಮಹಾನುಭಾವ ತನ್ನ ಬ್ರಾಂಚಿನಲ್ಲಿ ಗಾರ್ಡ್ ಎಂಬ ಫೈಲನ್ನು ತಿದ್ದಿದ. ಅದೇ ಹೊತ್ತಿಗೆ ನಾನು ನನ್ನ ಬ್ರಾಂಚಿನಲ್ಲಿ ಅದೇ ಫೈಲಿಗೆ ಶೀಲ್ಡ್ ಎಂದು ಹೆಸರು ಬದಲಿಸಿದೆ. ಆಮೇಲೆ ಒಳಗಿನದನ್ನೂ ಬಹುಪಾಲು ಹೊಸದಾಗಿ ಬರೆದೆ.

ಈಗ ನಿನಗೆ. ನಾನು ನಿಮಗೆಲ್ಲ ಮೊದಲ ದಿನ ಕಲಿಸುವ ಪಾಠ ಯಾವುದು? ಹೆಸರು ಬದಲಿಸುವ ಹೆಜ್ಜೆಯಲ್ಲಿ ಬರೀ ಹೆಸರು ಬದಲಿಸು, ಒಳಗೆ ಒಂದಕ್ಷರ ಮುಟ್ಟಬೇಡ. ಸೇವ್ ಮಾಡು. ತಿದ್ದುವುದು ಮುಂದಿನ ಹೆಜ್ಜೆ. ಆಗ ಗಾರ್ಡೇ ಶೀಲ್ಡ್ ಆಗಿದೆಯೆಂದು ಸಾಫ್ಟ್‌ವೇರಿಗೆ ಗೊತ್ತಾಗುತ್ತದೆ, ನೀನು ಗಾರ್ಡಿನಲ್ಲಿ ಮಾಡಿದ್ದನ್ನು ಅದೇ ಶೀಲ್ಡಿಗೆ ದಾಟಿಸುತ್ತದೆ. ನಾನು ಆ ಪಾಠದಂತೆಯೇ ಮಾಡಿದೆ. ಮರ್ಜ್ ಮಾಡುವಾಗ ಅದು ಕೇಳಿತು, ಗಾರ್ಡ್ ಒಂದು ಕಡೆ ಇಲ್ಲ, ಇನ್ನೊಂದು ಕಡೆ ಬದಲಾಗಿದೆ, ಇಡಲೇ ಅಳಿಸಲೇ? ಹಳೆಯ ಹೆಸರಿನ ಖಾಲಿ ಚಿಪ್ಪು ಉಳಿದಿದೆ ಎಂದು ಅಳಿಸಿದೆ. ಅದು ಕಸ ಗುಡಿಸುವ ಕೆಲಸ ಕಣೋ. ನಿನ್ನ ಸಾಲುಗಳು ಶೀಲ್ಡಿನಲ್ಲಿ ಹಾಯಾಗಿ ಕೂತಿವೆ. ಪ್ರೆಸ್ ಯಾಕೆ ನಿಲ್ಲಲಿಲ್ಲ ಎಂದರೆ ತಂತಿಯೋ ಬಲ್ಬೋ ಕೆಟ್ಟಿರಬೇಕು.

ಕಳ್ಳ ಅಂದಿದ್ದರೆ, ಕುಡುಕ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ವೇಗದ ಆಸೆಗೆ ಒಬ್ಬನ ಕೈ ತಿಂದವನು ಅಂದೆ. ಇಲ್ಲಿಂದ ಬಿಟ್ಟ ಕೂಡಲೇ ಆಫೀಸಿಗೆ ಹೋಗಿ ಶೀಲ್ಡ್ ಫೈಲನ್ನು ಪ್ರಿಂಟ್ ತೆಗೆದು ಕಳಿಸುತ್ತೇನೆ. ಅದನ್ನು ಮುದ್ದೆ ಮಾಡಿ ತಿನ್ನು.

ಮೇಷ್ಟ್ರು

---

ಮನೆ
ಮಾರ್ಚ್ ೨

ಮೊಂಡ,

ಪ್ರಿಂಟ್ ಕಳಿಸುತ್ತಿಲ್ಲ. ಶೀಲ್ಡಿನಲ್ಲಿ ನಿನ್ನ ಸಾಲುಗಳಿಲ್ಲ. ಒಂದೂ ಇಲ್ಲ. ಹಳೆಯ ತೂತು ಹಾಗೇ ಇದೆ.

ಮೊದಲು ನಾನು ನಂಬಲಿಲ್ಲ. ಮೇಲಿಂದ ಕೆಳಗೆ ಓದಿದೆ, ಕೆಳಗಿಂದ ಮೇಲೆ ಓದಿದೆ. ಮನೆಗೆ ಬಂದು ಒಂದು ಪುಟ್ಟ ಪ್ರಾಜೆಕ್ಟ್ ಮಾಡಿ ಅದರಲ್ಲಿ ಹಾಗೇ ಹೆಸರು ಬದಲಿಸಿದೆ, ಸೇವ್ ಮಾಡಿದೆ, ಆಮೇಲೆ ಒಳಗೆ ತಿದ್ದಿದೆ, ಇನ್ನೊಂದು ಬ್ರಾಂಚಿನಲ್ಲಿ ಹಳೆಯ ಹೆಸರಿನ ಫೈಲನ್ನೇ ಬದಲಿಸಿದೆ, ಕೂಡಿಸಿದೆ. ಪ್ರತಿ ಸಲವೂ ಅದೇ ಪ್ರಶ್ನೆ ಕೇಳಿತು. ಪ್ರತಿ ಸಲವೂ ಹೊಸ ಹೆಸರಿನ ಫೈಲಿಗೆ ಏನೂ ದಾಟಿರಲಿಲ್ಲ.

ಮರ್ಜ್ ಮಾಡುವಾಗ ಆ ಸಾಫ್ಟ್‌ವೇರ್ ನಮ್ಮ ಹೆಜ್ಜೆಗಳನ್ನು ನೋಡುವುದೇ ಇಲ್ಲ. ಎರಡು ಬ್ರಾಂಚುಗಳು ಬೇರೆಯಾದ ಜಾಗವನ್ನು ನೋಡುತ್ತದೆ, ಎರಡರ ತುದಿಗಳನ್ನು ನೋಡುತ್ತದೆ, ಅಷ್ಟೇ. ಅಲ್ಲಿನ ಗಾರ್ಡಿಗೂ ಇಲ್ಲಿನ ಶೀಲ್ಡಿಗೂ ಅರ್ಧದಷ್ಟಾದರೂ ಹೋಲಿಕೆಯಿದ್ದರೆ ಇದು ಅದೇ ಎನ್ನುತ್ತದೆ. ನಾನು ಅರ್ಧಕ್ಕಿಂತ ಹೆಚ್ಚು ಬದಲಿಸಿದ್ದೆ. ಅದರ ಕಣ್ಣಿಗೆ ಗಾರ್ಡ್ ಸತ್ತಿತ್ತು, ಶೀಲ್ಡ್ ಯಾರೋ ಹೊಸಬ. ನಡುವೆ ನಾನು ಎಷ್ಟು ಮಡಿಯಿಂದ ಹೆಜ್ಜೆ ಇಟ್ಟರೇನು? ಹೆಸರು ಬದಲಿಸಿದ ಕೂಡಲೇ ನಿನ್ನನ್ನು ಕರೆದು "ಮೊದಲು ಇದನ್ನ ನಿನ್ನ ಬ್ರಾಂಚಿಗೆ ಸೇರಿಸ್ಕೊಳೋ, ಆಮೇಲೆ ನಾನು ಒಳಗೆ ಮುಟ್ತೀನಿ" ಅನ್ನಬೇಕಿತ್ತು. ನನ್ನ ಪಾಠದಲ್ಲಿ ಆ ಮಾತಿಲ್ಲ. ಇಷ್ಟು ವರ್ಷ ಅರ್ಧ ಪಾಠವನ್ನು ಎದೆಯುಬ್ಬಿಸಿ ಹೇಳಿದ್ದೇನೆ. ಆ ಧೈರ್ಯದಲ್ಲೇ ನಾನು ತೆರೆದೂ ನೋಡದೆ ಅಳಿಸಿದೆ. ಆ ಧೈರ್ಯದಲ್ಲೇ ನೀನು ಮರ್ಜ್ ಆದ ಮೇಲೆ ಪ್ರೆಸ್ಸಿನ ಮುಂದೆ ಮರದ ತುಂಡು ಹಿಡಿದು ಇನ್ನೊಮ್ಮೆ ನೋಡಲಿಲ್ಲ. ಮೇಷ್ಟ್ರು ಮಾಡಿದ ಮರ್ಜ್ ಅಲ್ಲವೇ.

ಮುಖ್ಯವಾದದ್ದನ್ನು ಕೊನೆಗೆ ಇಟ್ಟಿದ್ದೇನೆ, ಬರೆಯಲು ಹೆದರಿ. ಮಾಲೀಕ ನಿನ್ನ ಅತ್ತಿಗೆಗೆ ಗಂಡನ ಬದಲು ಕೆಲಸ ಕೊಟ್ಟಿದ್ದಾನೆ. ಎರಡನೇ ಪ್ರೆಸ್ಸಿನ ಮೇಲೆ. ಅದರಲ್ಲಿ ಓಡುತ್ತಿರುವುದೂ ಇದೇ ಪ್ರೋಗ್ರಾಮ್, ಇದೇ ತೂತು. ನಾನು ಅವನ ಮುಂದೆ ಹಾಳೆ ಹಿಡಿದು "ಪ್ರೆಸ್ ನಿಲ್ಲಿಸಿ" ಎಂದು ಬರೆದು ತೋರಿಸಿದೆ. "ದವಡೆ ವಾಸಿಯಾಗ್ಲಿ ಮೇಷ್ಟ್ರೇ, ಆಮೇಲೆ ಮಾತಾಡೋಣ. ಆ ಹುಡುಗಿಗೆ ಹೊಟ್ಟೆಪಾಡು ಬೇಡ್ವಾ?" ಎಂದು ನನ್ನ ಬೆನ್ನು ತಟ್ಟಿದ. ತಟ್ಟಿದ್ದು ಸರಿಯಾಗಿ ನೀನು ಒದ್ದ ಕಡೆ. ನಿನ್ನ ಅತ್ತಿಗೆಗೂ ಬರೆದು ತೋರಿಸಿದೆ. ಕೆಲಸ ಬಿಟ್ಟರೆ ಒಲೆ ಹೇಗೆ ಉರಿಯುತ್ತದೆ ಎಂದು ಕೇಳಿದಳು.

ನಿನ್ನ ಬ್ರಾಂಚನ್ನು ಅವನು ಸರ್ವರಿನಿಂದ ತೆಗೆಸಿಹಾಕಿದ್ದಾನೆ. ಮರ್ಜ್ ಮಾಡುವಾಗ ನಾನು ನಿನ್ನ ಹೆಜ್ಜೆಗಳನ್ನೆಲ್ಲ ಒಂದಾಗಿ ಒತ್ತಿಬಿಟ್ಟಿದ್ದರಿಂದ ಇತಿಹಾಸದಲ್ಲೂ ಸಿಗುತ್ತಿಲ್ಲ. ನಿನ್ನ ಕಂಪ್ಯೂಟರ್ ಪೊಲೀಸರ ಬಳಿ. ಆ ಸಾಲುಗಳು ಈಗ ಇರುವುದು ನಿನ್ನ ತಲೆಯಲ್ಲಿ ಮಾತ್ರ. ನಾನೇ ಹೊಸದಾಗಿ ಬರೆಯಬಲ್ಲೆ, ಆದರೆ ಎರಡನೇ ಪ್ರೆಸ್ಸಿನ ಬ್ರೇಕ್ ಎಷ್ಟು ಹೊತ್ತಿಗೆ ಹಿಡಿಯುತ್ತದೆಂದು ನಿಂತು ಅಳೆದವರು ನೀನೂ ನಿನ್ನಣ್ಣನೂ. ಊಹಿಸಿ ಬರೆದರೆ ಆ ಊಹೆಯ ಕೆಳಗೆ ನಿನ್ನ ಅತ್ತಿಗೆಯ ಕೈ ಇರುತ್ತದೆ. ನೆನಪು ಮಾಡಿಕೊಂಡು ಬರೆದು ಕಳಿಸು. ಬೇಗ.

ಮೇಷ್ಟ್ರು

---

ಜೈಲು
ಮಾರ್ಚ್ ೮

ಮೇಷ್ಟ್ರೇ,

ನಿನ್ನ ನಾಟಕ ಚೆನ್ನಾಗಿದೆ. ಮೊದಲ ಪತ್ರದಲ್ಲಿ ಶೀಲ್ಡಿನಲ್ಲಿದೆ, ತಿನ್ನು ಅಂದೆ. ಈಗ ಎಲ್ಲೂ ಇಲ್ಲ, ಬರೆದು ಕಳಿಸು ಅನ್ನುತ್ತೀಯ. ನಾನು ಕಳಿಸುತ್ತೇನೆ, ನೀನು ಮೆತ್ತಗೆ ತುರುಕುತ್ತೀಯ, ಕೋರ್ಟಿನಲ್ಲಿ ಮಾಲೀಕನ ಪಕ್ಕ ನಿಂತು "ನೋಡಿ ಸ್ವಾಮಿ, ಸಾಲುಗಳು ಇಲ್ಲೇ ಇದ್ದವು, ಅವನಣ್ಣನದೇ ತಪ್ಪು" ಅನ್ನುತ್ತೀಯ. ಜೈಲಿನಲ್ಲಿದ್ದೇನೆ, ದಡ್ಡನಾಗಿಲ್ಲ.

ಇಲ್ಲಿ ನನ್ನ ಕೋಣೆಯಲ್ಲಿ ಗೂಳಿ ಅನ್ನುವವನೊಬ್ಬನಿದ್ದಾನೆ. ಮುದುಕನನ್ನು ಹೊಡೆದು ಬಂದವನು ಎಂದು ನನ್ನ ತಟ್ಟೆಯನ್ನು ದಿನವೂ ಒದೆಯುತ್ತಾನೆ. ನಿನ್ನೆ ಬಿದ್ದ ಅನ್ನವನ್ನು ನೆಲದಿಂದ ನೆಕ್ಕು ಅಂದ. ಅವನ ಮೇಲೆ ಬಿದ್ದು ಕಿವಿ ಕಚ್ಚಿದೆ. ಬಿಡಿಸುವ ಹೊತ್ತಿಗೆ ಕಿವಿಯ ತುದಿ ನನ್ನ ಬಾಯಲ್ಲಿತ್ತು. ಆಮೇಲೆ ಅವನ ಕಡೆಯವರು ನನ್ನ ತಲೆಯನ್ನು ಕಂಬಿಗೆ ಜಜ್ಜಿದರು, ಒಂದು ಕಣ್ಣು ಇನ್ನೂ ತೆರೆಯುವುದಿಲ್ಲ. ನಾನು ಎಂಥವನಾಗಿದ್ದೇನೆ ನೋಡು. ನನ್ನನ್ನು ಹೀಗೆ ಮಾಡಿದವನಿಗೆ ನಾನು ಕೋಡ್ ಬರೆದುಕೊಡಬೇಕಂತೆ.

ಅತ್ತಿಗೆಯ ಬಗ್ಗೆ ಅಷ್ಟು ಕಾಳಜಿಯಿದ್ದರೆ ಹೋಗಿ ಪ್ರೆಸ್ಸಿಗೆ ಬೆಂಕಿ ಹಚ್ಚು. ನಿನಗೆ ಕೈಗಳಿವೆಯಲ್ಲ.

ಮೊಂಡ

---

ಮನೆ
ಮಾರ್ಚ್ ೧೩

ಮೊಂಡ,

ಇದರ ಜೊತೆ ಇನ್ನೊಂದು ಹಾಳೆಯಿದೆ. ಗಾರ್ಡ್ ಫೈಲನ್ನು ತೆರೆದು ನೋಡದೆ ಅಳಿಸಿದವನು ನಾನು, ಅಪಘಾತದ ದಿನ ಆ ಸಾಲುಗಳು ಪ್ರೋಗ್ರಾಮಿನಲ್ಲಿ ಇರಲಿಲ್ಲ, ಪ್ರೆಸ್ ನಡೆಸಿದವನ ತಪ್ಪು ಏನೂ ಇಲ್ಲ ಎಂದು ಬರೆದು ಸಹಿ ಹಾಕಿದ್ದೇನೆ. ನಿನ್ನ ವಕೀಲನಿಗೆ ಕೊಡು. ಜೈಲರ್ ಸಾಹೇಬರು ಹೇಗೂ ಓದಿರುತ್ತಾರೆ, ಅವರೇ ಸಾಕ್ಷಿ. ಇದರಿಂದ ನನ್ನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಆದರೆ ದಯವಿಟ್ಟು ಗೂಳಿಯ ಕೋಣೆ ಮಾತ್ರ ಬೇಡ, ನನಗೆ ಇರುವುದು ಒಂದೇ ಒಳ್ಳೆಯ ಕಿವಿ.

ಮೊನ್ನೆ ಏನಾಯಿತೆಂದು ನಿನಗೆ ಯಾರೂ ಹೇಳಿರಲಾರರು. ನಿನ್ನ ಅತ್ತಿಗೆ ತಗಡು ಜರುಗಿಸಲು ಕೈ ಚಾಚಿದಳು, ಕಾಲು ಪೆಡಲ್ ಮೇಲೇ ಇತ್ತು. ಅಚ್ಚು ಇಳಿದು ಅಂಗಿಯ ತೋಳನ್ನು ಹಿಡಿಯಿತು. ಬಟ್ಟೆ ಹಳೆಯದಾಗಿದ್ದರಿಂದ ಹರಿಯಿತು. ಹೊಸ ಬಟ್ಟೆಯಾಗಿದ್ದರೆ ತೋಳನ್ನೂ ಒಳಗೆ ಎಳೆಯುತ್ತಿತ್ತು. ಅವಳು ನೆಲದ ಮೇಲೆ ಕೂತು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡು, ಎದ್ದು ಮತ್ತೆ ಕೆಲಸಕ್ಕೆ ನಿಂತಳು.

ನನ್ನನ್ನು ದ್ವೇಷಿಸು, ಬೇಡ ಅಂದವರು ಯಾರು? ದ್ವೇಷಿಸುತ್ತಲೇ ಬರೆ.

ಮೇಷ್ಟ್ರು

---

ಜೈಲು
ಮಾರ್ಚ್ ೨೬

ಮೇಷ್ಟ್ರೇ,

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ನಿಮ್ಮ ಪತ್ರ ಬಂದ ದಿನವೇ ಕೂತು ಕೋಡನ್ನು ಸಾಲು ಸಾಲಾಗಿ, ಕಂಸಗಳ ಸಮೇತ, ಬರೆದು ಕೊಟ್ಟಿದ್ದೆ. ಜೈಲರ್ ಅದನ್ನು ಓಡಿಹೋಗುವ ಸಂಚು ಅಂದುಕೊಂಡ. "ಯಾವ್ ಗೇಟು, ಎಷ್ಟೊತ್ತಿಗೆ, ಬೊಗಳೋ" ಎಂದು ಅಂಗೈ ಮೇಲೆ ಬೆತ್ತದಲ್ಲಿ ಬಾರಿಸಿದರು. ಚರ್ಮ ಬಿರಿದು ರಕ್ತ ಬಂದರೂ ನಿಲ್ಲಿಸಲಿಲ್ಲ. "ಸ್ವಾಮಿ, ಆಸ್ಪತ್ರೆಯಿಂದ ಬಂದ ಮೊದಲ ಪತ್ರ ತೆಗೆದು ಓದಿ, ಮೇಷ್ಟ್ರು ನಿಮಗೇ ಪಾಠ ಮಾಡಿದ್ದಾರೆ" ಅಂದೆ. ಓದಿದ. ಓದಿ, "ಅದನ್ನ ಮನುಷ್ಯರ ಭಾಷೇಲಿ ಬರಿ" ಅಂದ. ಬೆರಳು ಮಡಚಲು ಇಷ್ಟು ದಿನ ಬೇಕಾಯಿತು. ಹೊಡೆತ ಬೀಳುವಾಗಲೆಲ್ಲ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ, ಅತ್ತಿಗೆ ಇವತ್ತು ಕೆಲಸಕ್ಕೆ ಹೋದರೋ ಇಲ್ಲವೋ.

ಮನುಷ್ಯರ ಭಾಷೆಯಲ್ಲಿ ಹೇಳುತ್ತೇನೆ, ನೀವು ಕೋಡ್ ಮಾಡಿಕೊಳ್ಳಿ. ಅಚ್ಚು ಇಳಿಯಲು ಶುರುವಾದಾಗಿನಿಂದ ಕೆಳಗೆ ಮುಟ್ಟುವವರೆಗೆ ಎಡೆಬಿಡದೆ ಬೆಳಕನ್ನು ನೋಡುತ್ತಿರಬೇಕು. ಪೆಡಲ್ ಏನು ಹೇಳುತ್ತದೆಂದು ಕೇಳಲೇಬಾರದು. ಬೆಳಕು ಕಡಿದರೆ ಮೊದಲು ಕ್ಲಚ್ ಬಿಡಬೇಕು, ಅದೇ ಗಳಿಗೆಗೆ ಬ್ರೇಕ್ ಹಿಡಿಯಬೇಕು. ಒಮ್ಮೆ ನಿಂತ ಮೇಲೆ ಕಾಲು ಎತ್ತಿ ಮತ್ತೆ ಒತ್ತುವವರೆಗೂ ಅಲುಗಾಡಬಾರದು. ಎರಡನೇ ಪ್ರೆಸ್ಸಿನ ಬ್ರೇಕ್ ಹಳೆಯದು, ಪೂರ್ತಿ ಹಿಡಿಯಲು ಸೆಕೆಂಡಿನ ಕಾಲು ಭಾಗ ತೆಗೆದುಕೊಳ್ಳುತ್ತದೆ. ಅಚ್ಚು ಇಳಿಯುವ ವೇಗವನ್ನು ಆ ಕಾಲು ಭಾಗಕ್ಕೆ ಹೊಂದಿಸಿ. ಮೊದಲನೇ ಪ್ರೆಸ್ಸಿನ ಲೆಕ್ಕ ಇದಕ್ಕೆ ಹಾಕಬೇಡಿ, ನಾನು ಒಮ್ಮೆ ಹಾಗೆ ಮಾಡಿ ಅಣ್ಣನಿಂದ ಬೈಸಿಕೊಂಡಿದ್ದೆ. ಇದನ್ನು ಶೀಲ್ಡಿನಲ್ಲೇ ನಿಮ್ಮ ಕೈಯಾರೆ ಸೇರಿಸಿ. ಯಾವ ಮರ್ಜೂ ಬೇಡ. ಆಮೇಲೆ ಮರದ ತುಂಡಿನಿಂದ ನೋಡಿ, ನಿಮ್ಮ ಕೈಯಿಂದ ಅಲ್ಲ. ನಿಮ್ಮ ಬುದ್ಧಿ ನನಗೆ ಗೊತ್ತು.

ನಿಮ್ಮ ಸಹಿಯ ಹಾಳೆ ನನ್ನ ಬಳಿಯೇ ಇದೆ. ವಕೀಲನಿಗೆ ಕೊಡುವೆನೋ ಹರಿಯುವೆನೋ ಗೊತ್ತಿಲ್ಲ. ಅಣ್ಣನಿಗೆ ನಿಜ ಹೇಳಿ ಎಂದು ಅತ್ತಿಗೆಗೂ ಬರೆದಿದ್ದೇನೆ. ಆದರೆ ನೀವೇ ಬೇಕಂತ ಅಳಿಸಿದ್ದೆಂದು ಅವನ ತಲೆಗೆ ತುಂಬಿದವನು ನಾನು. ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ.

ಸ್ಪಾನರ್ ಎತ್ತಿದಾಗ ನೀವು "ಕೂತ್ಕೊಳೋ, ಏನಾಯ್ತು?" ಅಂದಿರಿ. ಅದು ಈಗ ಕೇಳಿಸುತ್ತಿದೆ. ನೀವು ಕೆಳಗೆ ಬಿದ್ದ ಮೇಲೆ ಒದ್ದದ್ದು ನನಗೂ ನೆನಪಿದೆ, ಮೇಷ್ಟ್ರೇ.

ನಿಮ್ಮ,
ಮೊಂಡ

---

ಮನೆ
ಏಪ್ರಿಲ್ ೬

ಮೈದುನನಿಗೆ ಆಶೀರ್ವಾದಗಳು.

ಮೇಷ್ಟ್ರು ಬರೆಯುತ್ತೇನೆ ಅಂದರು. ನಾನೇ ಬೇಡವೆಂದು ಪೆನ್ನು ಕಿತ್ತುಕೊಂಡೆ. ಅವರು ಬರೆದರೆ ಅರ್ಧ ನುಂಗುತ್ತಾರೆ, ಅದೂ ತಮ್ಮ ಮಾನ ಕಾಯಲು ಅಲ್ಲ, ನನ್ನದು ಕಾಯಲು. ನಡೆದದ್ದು ನಡೆದ ಹಾಗೆ ನಿನಗೆ ಗೊತ್ತಾಗಲಿ.

ನಿನ್ನ ಪತ್ರ ತಲುಪಿದ ಮೇಲೆ ಮೇಷ್ಟ್ರು ಮಾಲೀಕನ ಬಳಿ ಹೋಗಿ, ಪ್ರೆಸ್ಸಿನ ವೇಗ ಹೆಚ್ಚಿಸುವ ಹೊಸ ಕೋಡ್ ತಂದಿದ್ದೇನೆ ಅಂದರಂತೆ. ಅವರ ಬಾಯಿಯ ತಂತಿ ಬಿಚ್ಚಿ ಆಗಿನ್ನೂ ಸ್ವಲ್ಪ ದಿನವಾಗಿತ್ತು, ಮಾತು ತೊದಲುತ್ತಿತ್ತು. ಆದರೂ ಆ ಸುಳ್ಳನ್ನು ಎಷ್ಟು ಸ್ಪಷ್ಟವಾಗಿ ಹೇಳಿದರೆಂದರೆ ಮಾಲೀಕ ಟೀ ತರಿಸಿಕೊಟ್ಟ. ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ ಅವರು ಎರಡನೇ ಪ್ರೆಸ್ಸಿಗೆ ಅದನ್ನು ಹಾಕಿದರು. ನಾನು ಪೆಡಲ್ ಒತ್ತಿ ಹಿಡಿದೆ, ಅವರು ಮರದ ತುಂಡು ಒಡ್ಡಿದರು. ಅಚ್ಚು ಇಳಿದು, ಮರಕ್ಕೆ ಹೆಬ್ಬೆರಳಷ್ಟು ಮೇಲೆ ಗಕ್ಕನೆ ನಿಂತಿತು. ಎಷ್ಟು ಸಲ ಒಡ್ಡಿದರೂ ಅಲ್ಲೇ ನಿಂತಿತು. ನಾನು ಅಳುತ್ತಿದ್ದೆ. ನಿನಗೆ ಒಳ್ಳೆಯದಾಗಲಿ ಎಂದು ಬಾಯಿಬಿಟ್ಟೇ ಅಂದೆ.

ಆಗ ಅವರು ಮರದ ತುಂಡನ್ನು ಆಚೆ ಎಸೆದು ತಮ್ಮ ಕೈ ಒಳಗಿಟ್ಟರು.

"ಮೇಷ್ಟ್ರೇ, ಬೇಡ. ಮರ ಸಾಕು ಅಂತ ಅವ್ನು ಬರ್ದಿದಾನೆ."

"ಮರಕ್ಕೆ ನಂಬಿಕೆ ಬಂತಮ್ಮ. ನನ್ಗೆ ಬರ್ಬೇಕಲ್ಲ. ನಾಳೆ ಇಲ್ಲಿರೋದು ನಿನ್ ಕೈ. ಒತ್ತು."

ಒತ್ತಿದೆ. ಅಚ್ಚು ಇಳಿದು ಅವರ ಬೆರಳುಗಳಿಗೆ ತಾಗದೆ ಮೇಲೇ ನಿಂತಿತು. ಅವರು ಕೈ ತೆಗೆಯದೆ "ಇನ್ನೊಂದ್ಸಲ" ಅಂದರು.

ನಿಮ್ಮಣ್ಣ ಬಾಗಿಲಲ್ಲಿ ನಿಂತಿದ್ದು ನಾನು ಆಗ ನೋಡಿದೆ. ದಿನವೂ ಆ ಹೊತ್ತಿಗೆ ಊಟದ ಚೀಲವನ್ನು ಕೊರಳಿಗೆ ನೇತುಹಾಕಿಕೊಂಡು ಬರುತ್ತಾರೆ, ನಾನು ಅವರಿಗೆ ತಿನ್ನಿಸಿ ನಾನೂ ತಿನ್ನುತ್ತೇನೆ. ನಿನ್ನ ಮಾತಿನಂತೆ ನಿಜವನ್ನು ನಾಲ್ಕಾರು ಸಲ ಹೇಳಿದ್ದೆ. ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಈಗ ಅವರ ಕಣ್ಣ ಮುಂದೆ ಏನಿತ್ತು ಹೇಳು. ಮೇಷ್ಟ್ರ ಕೈ ಅಚ್ಚಿನ ಕೆಳಗೆ, ನನ್ನ ಕಾಲು ಪೆಡಲ್ ಮೇಲೆ.

ಚೀಲ ಕೆಳಗೆ ಬಿತ್ತು. ಅವರು ಹತ್ತಿರ ಬಂದು ನನ್ನ ಕಿವಿಯಲ್ಲಿ ಹೇಳಿದಂತೆ ಹೇಳಿದರು, "ಲೈಟ್ ಆಫ್ ಮಾಡೇ."

ಅಚ್ಚು ಬದಲಿಸುವಾಗ ಬೆಳಕಿನ ಪರದೆಯನ್ನು ಆರಿಸಲು ನನ್ನ ಪಕ್ಕದ ಕಂಬದಲ್ಲಿ ಒಂದು ಕೀಲಿ ಇದೆ. ತಿರುಗಿಸಿದರೆ ನಿನ್ನ ಕೋಡೂ ಇಲ್ಲ, ಮೇಷ್ಟ್ರ ಕೋಡೂ ಇಲ್ಲ. "ನನ್ ಕೈಲಿ ಆಗಲ್ಲ, ನೀನ್ ಮಾಡು. ನನ್ಗೋಸ್ಕರ ಇದೊಂದ್ ಮಾಡು" ಎಂದು ತಮ್ಮ ಮೋಟು ತೋಳಿನಿಂದ ನನ್ನ ಭುಜವನ್ನು ಕೀಲಿಯ ಕಡೆ ನೂಕಿದರು. ಬ್ಯಾಂಡೇಜಿನಲ್ಲಿ ರಕ್ತ ಒಸರುತ್ತಿತ್ತು. ನಾನು ಮೇಷ್ಟ್ರ ಮುಖ ನೋಡಿದೆ. ಅವರಿಗೆ ಒಂದು ಕಿವಿ ಕೇಳುವುದಿಲ್ಲ, ಇನ್ನೊಂದರಲ್ಲಿ ಎಲ್ಲವೂ ಕೇಳಿಸಿತ್ತು. ಕೈ ತೆಗೆಯಲಿಲ್ಲ. ನಿಮ್ಮಣ್ಣನನ್ನೇ ನೋಡುತ್ತ, ಬೆರಳುಗಳನ್ನು ಇನ್ನೂ ಅಗಲಿಸಿ ಅಲ್ಲೇ ಇಟ್ಟರು.

ನಾನು ಕೀಲಿ ಹಿಡಿದೆ ಮೈದುನ. ಹಿಡಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಿಮ್ಮಣ್ಣ ನಿದ್ದೆಯಲ್ಲಿ ಇಲ್ಲದ ಬೆರಳುಗಳು ನೋಯುತ್ತವೆಂದು ಚೀರುವುದು, ಮಗುವಿನ ಹಾಗೆ ನನ್ನ ಎದುರು ಬೆತ್ತಲೆ ನಿಂತು ತೊಳೆಸಿಕೊಳ್ಳುವುದು, ಎಲ್ಲ ಒಟ್ಟಿಗೆ ನೆತ್ತಿಗೇರಿತು. ಕಾಲು ಪೆಡಲ್ ಮೇಲೆ ಭಾರವಾಯಿತು. ಮೇಷ್ಟ್ರ ಕೈ ಹೋದರೆ ನನಗೆ ಒಂದು ರಾತ್ರಿ ನಿದ್ದೆ ಬರಬಹುದು ಅಂದುಕೊಂಡೆ. ಆ ಇಬ್ಬರು ಗಂಡಸರೂ ನಾನು ತಿರುಗಿಸಲಿ ಎಂದೇ ಕಾಯುತ್ತಿದ್ದರು. ಅದನ್ನು ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಬ್ಬನಿಗೆ ಕೈ ಬೇಕು, ಇನ್ನೊಬ್ಬನಿಗೆ ಕೈ ಕೊಟ್ಟು ಹಗುರಾಗಬೇಕು, ಕೊಚ್ಚುವ ಕೆಲಸ ಮಾತ್ರ ನನ್ನದು. ಆಮೇಲೆ ನೆಲ ತೊಳೆಯುವವಳೂ ನಾನೇ.

ಕಾಲು ತೆಗೆದೆ. ಮೇಷ್ಟ್ರನ್ನು ಕಾಲರ್ ಹಿಡಿದು ಈಚೆಗೆ ಎಳೆದೆ. ಬಲಗೈ ಬೀಸಿ ನಿಮ್ಮಣ್ಣನ ಕೆನ್ನೆಗೆ ಹೊಡೆದೆ. ಮದುವೆಯಾದ ಮೇಲೆ ಮೊದಲ ಸಲ. ಎಡಗೈ ಬೀಸಿ ಮೇಷ್ಟ್ರಿಗೂ ಹೊಡೆದೆ, ಮುರಿಯದ ಕಡೆಗೇ ನೋಡಿ. "ಇನ್ನೊಬ್ರು ಯಾರಾದ್ರೂ ಕೈಕಾಲು ಕಳ್ಕೊಂಡ್ರೆ ನಾನೇ ಕೊಂದ್ಬಿಡ್ತೀನಿ ಇಬ್ರುನ್ನೂ" ಎಂದು ಕಿರುಚಿದೆ. ಕೆಲಸದವರೆಲ್ಲ ಓಡಿಬಂದು ಬಾಗಿಲಲ್ಲಿ ನಿಂತರು.

ನಿಮ್ಮಣ್ಣ ಅಲ್ಲೇ ಎಣ್ಣೆ ಚೆಲ್ಲಿದ ನೆಲದ ಮೇಲೆ ಕುಸಿದರು. ಆಸ್ಪತ್ರೆಯಲ್ಲೂ ಅಳದಿದ್ದವರು ಹೋ ಎಂದು ಅತ್ತರು. ಒರೆಸಿಕೊಳ್ಳಲು ಆಗದೆ ಮುಖವೆಲ್ಲ ಒದ್ದೆ. ಮೇಷ್ಟ್ರು ಪಕ್ಕದಲ್ಲಿ ಕೂತು ತಮ್ಮ ಅಂಗಿಯ ತುದಿಯಿಂದ ಒರೆಸಿದರು. ನಿಮ್ಮಣ್ಣ ಮುಖ ತಿರುಗಿಸಲಿಲ್ಲ. ಊಟವನ್ನೂ ಮೇಷ್ಟ್ರೇ ತಿನ್ನಿಸಿದರು. ನನಗೆ ಆಗಲಿಲ್ಲ, ಎರಡೂ ಅಂಗೈಗಳು ಉರಿಯುತ್ತಿದ್ದವು.

ನಿನಗೂ ಒಂದು ಎತ್ತಿಟ್ಟಿದ್ದೇನೆ. ಬೇಗ ಹೊರಗೆ ಬಾ.

ನಿನ್ನ ಅತ್ತಿಗೆ